ಮಗಳು ಟೆನಿಸ್ ಪ್ರೊ ಆಗ್ತೀನಿ ಅಂದರೆ: ಕಾಸರಗೋಡು ಕಡೆಯ ಮನೆಯವರಿಗೆ ಹಂತ ಹಂತದ ಲೆಕ್ಕ

ಕುಂಬಳೆಯಿಂದ, ಬದಿಯಡ್ಕದಿಂದ, ಉಪ್ಪಳದಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮಗಳು ಮಂಗಳೂರಿಗೆ ಹೋಗಿ ಟೆನಿಸ್ ಕಲಿಯುತ್ತಿದ್ದಾಳೆ, ಜಿಲ್ಲೆಯಲ್ಲಿ ಅವಳನ್ನು ಸೋಲಿಸುವವರಿಲ್ಲ, ಇದನ್ನೇ ಕಸುಬು ಮಾಡಿಕೊಂಡರೆ ಹೊಟ್ಟೆ ತುಂಬುತ್ತದಾ? ಸೊಲ್ಲಾಪುರದ ಕಡೆಯಿಂದಲೂ ಇದೇ ಪ್ರಶ್ನೆ ಬಂದಿದೆ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲ ಒಂದೇ ಕಡೆ ಹಾಕಿದ್ದೇನೆ.

ಸಾನಿಯಾ ಮಿರ್ಜಾ 2007ರಲ್ಲಿ ಸಿಂಗಲ್ಸ್‌ನಲ್ಲಿ ವಿಶ್ವದ 27ನೇ ಸ್ಥಾನಕ್ಕೆ ಹೋಗಿದ್ದರು. ನಾನು ಬರೆಯುತ್ತಿರುವುದು ಆ ಮಟ್ಟದ ಬಗ್ಗೆ ಅಲ್ಲ. 300, 600, 900ನೇ ಸ್ಥಾನದಲ್ಲಿ ಇರುವವರ ಬಗ್ಗೆ. ಟಿವಿಯಲ್ಲಿ ಇವರು ಕಾಣಿಸುವುದಿಲ್ಲ, ಆದರೆ ಪ್ರೊ ಆದ ಹುಡುಗಿಯರಲ್ಲಿ ಬಹುಪಾಲು ಜನ ಇವರೇ. ನಿಮ್ಮ ಮಗಳು ಎಷ್ಟೇ ಚೆನ್ನಾಗಿ ಆಡಿದರೂ ಮೊದಲ ಕೆಲವು ವರ್ಷ ಇವರ ಜೊತೆಗೇ ಇರುತ್ತಾಳೆ. ಹಾಗಾಗಿ ಈ ವರ್ಷಗಳನ್ನು ಎಷ್ಟು ದುಡ್ಡಲ್ಲಿ, ಹೇಗೆ ಕಳೆಯಬೇಕು ಅನ್ನುವುದೇ ನಿಜವಾದ ಪ್ರಶ್ನೆ.

1. ಮೊದಲು ಕಾಗದಪತ್ರ

ಇದು ಬೋರು ಹೊಡೆಸುವ ಕೆಲಸ. ಆದರೆ ನಮ್ಮ ಕಡೆ ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಜನನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನಿಶಿಯಲ್ ಸೇರಿಸಿ ಇನ್ನೊಂದು, ಆಧಾರ್‌ನಲ್ಲಿ ಮನೆ ಹೆಸರು ಬಿಡಿಸಿ ಬರೆದು ಮತ್ತೊಂದು. ಟೆನಿಸ್ ನೋಂದಣಿ, ಪಾಸ್‌ಪೋರ್ಟ್, ವಿಮಾನದ ಟಿಕೆಟ್ ಎಲ್ಲದರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಎಸ್‌ಎಸ್‌ಎಲ್‌ಸಿ ಪುಸ್ತಕ ಕೈಗೆ ಬರುವ ಮೊದಲೇ ಸರಿಮಾಡಿಸಿ, ಆಮೇಲೆ ತಿದ್ದಿಸಲು ಅಲೆದಾಡಬೇಕಾಗುತ್ತದೆ.

ಪಾಸ್‌ಪೋರ್ಟ್‌ಗೆ ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೋ ಪಯ್ಯನ್ನೂರಿನಲ್ಲೋ ಆಗುತ್ತದೆ. ವೀಸಾ ವಿಷಯದಲ್ಲಿ ಮಾತ್ರ ಒಂದು ತೊಡಕು. ಕೆಲವು ದೇಶಗಳು ನಿಮ್ಮ ವಿಳಾಸ ಯಾವ ರಾಜ್ಯದ್ದು ಎಂದು ನೋಡಿ ಅರ್ಜಿ ಕೇಂದ್ರ ನಿಗದಿ ಮಾಡುತ್ತವೆ. ಮಗಳು ಬೆಂಗಳೂರಿನಲ್ಲಿ ತರಬೇತಿಯಲ್ಲಿದ್ದರೂ ವಿಳಾಸ ಕೇರಳದ್ದಾದರೆ ಕೊಚ್ಚಿಗೆ ಓಡಬೇಕಾಗಬಹುದು. ಮೊದಲೇ ನೋಡಿಕೊಳ್ಳಿ.

ಇನ್ನೊಂದು, ಯಾವ ರಾಜ್ಯದ ಹೆಸರಲ್ಲಿ ಆಡುವುದು? ಮನೆ ಕೇರಳ, ಕೋಚ್ ಕರ್ನಾಟಕ. ಶಾಲಾ ಕ್ರೀಡಾಕೂಟಕ್ಕೆ ಶಾಲೆ ಇರುವ ರಾಜ್ಯವೇ ಲೆಕ್ಕ. ಕೇರಳದಲ್ಲಿ ಓದುತ್ತಿದ್ದರೆ ಕ್ರೀಡೆಗೆ ಗ್ರೇಸ್ ಮಾರ್ಕ್ಸ್ ಸಿಗುವ ವ್ಯವಸ್ಥೆಯೂ ಇದೆ, ಅದನ್ನು ಸುಮ್ನೆ ಕೈಬಿಡಬೇಡಿ. ಎರಡೂ ಕಡೆ ಕಾಲಿಡಲು ಹೋಗಿ ಎರಡೂ ಕಡೆ ಆಯ್ಕೆಯಾಗದೆ ಉಳಿದ ಮಕ್ಕಳಿದ್ದಾರೆ. ಒಂದು ತೀರ್ಮಾನ ಮಾಡಿ, ಅದಕ್ಕೇ ಅಂಟಿಕೊಳ್ಳಿ.

2. ದೇಶದೊಳಗೆ ಆಡಿ, ಅವಸರ ಬೇಡ

ಅಖಿಲ ಭಾರತ ಟೆನಿಸ್ ಸಂಸ್ಥೆಯನ್ನು ಎಲ್ಲರೂ ಐಟಾ ಅನ್ನುತ್ತಾರೆ. ಅಲ್ಲಿ ನೋಂದಣಿ ಮಾಡಿಸಿದರೆ 12, 14, 16, 18 ವರ್ಷದೊಳಗಿನವರ ಟೂರ್ನಿಗಳಲ್ಲಿ ಆಡಬಹುದು. ಆಮೇಲೆ ಮಹಿಳೆಯರ ಮುಕ್ತ ವಿಭಾಗ. ದೆಹಲಿಯಲ್ಲಿ ನಡೆಯುವ ಫೆನೆಸ್ಟಾ ಓಪನ್ ರಾಷ್ಟ್ರೀಯ ಚಾಂಪಿಯನ್‌ಷಿಪ್ ಈ ಏಣಿಯ ಮೇಲಿನ ಮೆಟ್ಟಿಲು.

13 ವರ್ಷ ತುಂಬಿದವರಿಗೆ ಅಂತಾರಾಷ್ಟ್ರೀಯ ಜೂನಿಯರ್ ಟೂರ್ನಿಗಳಿವೆ. ಜೆ30ರಿಂದ ಜೆ500ರವರೆಗೆ ದರ್ಜೆ, ಸಂಖ್ಯೆ ದೊಡ್ಡದಾದಷ್ಟೂ ಟೂರ್ನಿ ದೊಡ್ಡದು. ಜೂನಿಯರ್‌ನಲ್ಲಿ ವಿಶ್ವದ ಮೊದಲ ನೂರರೊಳಗೆ ಬಂದರೆ ಹಿರಿಯರ ಅತಿ ಕೆಳಗಿನ ದರ್ಜೆಯಾದ ಡಬ್ಲ್ಯು15 ಟೂರ್ನಿಗಳಲ್ಲಿ ಜೂನಿಯರ್‌ಗಳಿಗೆಂದೇ ಕಾದಿರಿಸಿದ ಜಾಗ ಸಿಗುವ ದಾರಿ ತೆರೆಯುತ್ತದೆ.

ಹಿರಿಯರ ಟೂರ್ನಿಗೆ 14 ತುಂಬುವವರೆಗೆ ಪ್ರವೇಶವೇ ಇಲ್ಲ. 14ರಿಂದ 17ರವರೆಗೆ ವರ್ಷಕ್ಕೆ ಇಂತಿಷ್ಟೇ ಟೂರ್ನಿ ಎಂಬ ಮಿತಿ ಇದೆ. ಎಳೆ ಹುಡುಗಿಯರು ಸುಸ್ತಾಗಿ ಆಟವನ್ನೇ ಬಿಡಬಾರದು ಎಂದು ಮಾಡಿದ ನಿಯಮ ಅದು. ಒಳ್ಳೆಯ ನಿಯಮ ಅಂತ ನನ್ನ ಅಭಿಪ್ರಾಯ. ಕೆಲವು ಅಪ್ಪಂದಿರಿಗೆ ಇಷ್ಟವಾಗುವುದಿಲ್ಲ, ಇರಲಿ.

3. ಐಪಿನ್, ಎಂಟ್ರಿ, ಗಡುವು

ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್, ಅಂದರೆ ಐಟಿಎಫ್, ಪ್ರತಿ ಆಟಗಾರ್ತಿಗೂ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಅದೇ ಐಪಿನ್. ವರ್ಷ ವರ್ಷ ಶುಲ್ಕ ಕಟ್ಟಿ ನವೀಕರಿಸಬೇಕು. ಎಂಟ್ರಿ ಹಾಕುವುದು, ಹಿಂದೆಗೆಯುವುದು ಎಲ್ಲ ಆ ಖಾತೆಯಿಂದಲೇ.

ಟೂರ್ನಿ ಶುರುವಾಗುವ ಸೋಮವಾರಕ್ಕೆ 18 ದಿನ ಮೊದಲಿನ ಗುರುವಾರ ಎಂಟ್ರಿಗೆ ಕೊನೆ. 13 ದಿನ ಮೊದಲಿನ ಮಂಗಳವಾರ ಹಿಂದೆಗೆಯಲು ಕೊನೆ. ಗಡುವು ಗ್ರೀನಿಚ್ ಸಮಯ ಮಧ್ಯಾಹ್ನ 2 ಗಂಟೆ, ನಮಗೆ ಸಂಜೆ 7.30. ಗುರುವಾರ ರಾತ್ರಿ ಊಟ ಮುಗಿಸಿ ಮೊಬೈಲ್ ತೆಗೆದು ನೋಡಿದರೆ ಬಾಗಿಲು ಮುಚ್ಚಿರುತ್ತದೆ. ಫೋನಿನಲ್ಲಿ ಪ್ರತಿ ಗುರುವಾರ ಮತ್ತು ಮಂಗಳವಾರ ಸಂಜೆ 6ಕ್ಕೆ ಅಲಾರಂ ಇಟ್ಟುಬಿಡಿ.

ಎಂಟ್ರಿ ಹಾಕಿದ ಮೇಲೆ ರ‍್ಯಾಂಕಿಂಗ್ ಪ್ರಕಾರ ಪಟ್ಟಿ ಬರುತ್ತದೆ. ಮೇಲಿನವರು ನೇರವಾಗಿ ಮುಖ್ಯ ಡ್ರಾಗೆ, ಅಂದರೆ ಟೂರ್ನಿಯ ಅಸಲಿ ಪಂದ್ಯಪಟ್ಟಿಗೆ, ಕೆಳಗಿನವರು ಕ್ವಾಲಿಫೈಯಿಂಗ್‌ಗೆ, ಅಂದರೆ ಮುಖ್ಯ ಡ್ರಾಗೆ ಹೋಗಲು ಮೊದಲು ಗೆಲ್ಲಬೇಕಾದ ಸುತ್ತುಗಳಿಗೆ. ಅದಕ್ಕೂ ಕೆಳಗಿನವರು ಆಲ್ಟರ್ನೇಟ್, ಯಾರಾದರೂ ಬಿಟ್ಟರೆ ಜಾಗ ಸಿಗುವವರು. ಕ್ವಾಲಿಫೈಯಿಂಗ್‌ನ ಕೊನೆಯ ಸುತ್ತಿನಲ್ಲಿ ಸೋತರೂ ಮುಖ್ಯ ಡ್ರಾದಲ್ಲಿ ಯಾರಿಗಾದರೂ ಆಡಲಾಗದೆ ಹೋದರೆ ಲಕ್ಕಿ ಲೂಸರ್ ಆಗಿ ಒಳಗೆ ಹೋಗಬಹುದು. ಅದಕ್ಕೆ ಅಲ್ಲಿಯೇ ಸಮಯಕ್ಕೆ ಸರಿಯಾಗಿ ಹೆಸರು ಬರೆಸಿರಬೇಕು. ಸೋತ ಬೇಸರದಲ್ಲಿ ಬ್ಯಾಗ್ ಎತ್ತಿಕೊಂಡು ರೂಮಿಗೆ ಹೋದವಳಿಗೆ ಆ ಜಾಗ ತಪ್ಪುತ್ತದೆ. ಸೋತ ಕೂಡಲೇ ಟೂರ್ನಿ ನಡೆಸುವ ಅಧಿಕಾರಿ, ಅಂದರೆ ಸೂಪರ್‌ವೈಸರ್ ಹತ್ತಿರ ಹೋಗಿ ಕೇಳಬೇಕು, ಅಳುವುದು ಆಮೇಲೆ.

ವೈಲ್ಡ್ ಕಾರ್ಡ್ ಅಂದರೆ ಸಂಘಟಕರು ತಮ್ಮ ಇಷ್ಟದಂತೆ ಕೊಡುವ ಜಾಗ. ಭಾರತದಲ್ಲಿ ನಡೆಯುವ ಟೂರ್ನಿಗಳಲ್ಲಿ ದೇಶದೊಳಗಿನ ರ‍್ಯಾಂಕಿಂಗ್ ಚೆನ್ನಾಗಿರುವವರಿಗೆ ಇದು ಸಿಗುವ ಸಾಧ್ಯತೆ ಇರುತ್ತದೆ. ಎರಡನೇ ಹಂತದಲ್ಲಿ ಅವಸರ ಬೇಡ ಅಂದಿದ್ದು ಇದಕ್ಕೂ ಸೇರಿಸಿ.

4. ಅಂಕದ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಐಟಿಎಫ್ ಮಹಿಳಾ ಟೂರ್ನಿಗಳಲ್ಲಿ ಡಬ್ಲ್ಯು15, ಡಬ್ಲ್ಯು35, ಡಬ್ಲ್ಯು50, ಡಬ್ಲ್ಯು75, ಡಬ್ಲ್ಯು100 ಎಂಬ ದರ್ಜೆಗಳಿವೆ. 2024ರಿಂದ ಈ ಹೆಸರುಗಳು. ಗೆದ್ದವಳಿಗೆ ಸಿಗುವ ಅಂಕವೇ ಹೆಸರಲ್ಲಿರುವ ಸಂಖ್ಯೆ. ಡಬ್ಲ್ಯು15 ಗೆದ್ದರೆ 15 ಅಂಕ, ಫೈನಲ್‌ನಲ್ಲಿ ಸೋತರೆ 10, ಸೆಮಿಫೈನಲ್‌ಗೆ 6, ಕ್ವಾರ್ಟರ್‌ಗೆ 3, ಒಂದೇ ಪಂದ್ಯ ಗೆದ್ದರೆ 1. ಮೊದಲ ಸುತ್ತಲ್ಲೇ ಸೋತರೆ ಸೊನ್ನೆ.

ವಿಶ್ವ ರ‍್ಯಾಂಕಿಂಗ್ ಕೊಡುವುದು ಡಬ್ಲ್ಯುಟಿಎ, ಅಂದರೆ ಮಹಿಳಾ ಟೆನಿಸ್ ಸಂಸ್ಥೆ. ಅದರ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಮೂರು ಬೇರೆ ಬೇರೆ ಟೂರ್ನಿಗಳಲ್ಲಿ ಅಂಕ ಬಂದಿರಬೇಕು, ಇಲ್ಲವೇ ಒಟ್ಟು 10 ಅಂಕವಾದರೂ ಇರಬೇಕು. ಹಾಗಾಗಿ ಮೂರು ವಾರ ಒಂದೊಂದು ಪಂದ್ಯ ಗೆದ್ದವಳೂ ಪಟ್ಟಿಯಲ್ಲಿರುತ್ತಾಳೆ, ಒಂದೇ ವಾರ ಫೈನಲ್‌ಗೆ ಹೋದವಳೂ ಇರುತ್ತಾಳೆ. ಕ್ವಾರ್ಟರ್ ಎರಡು ಸಲ ಆಡಿ 6 ಅಂಕ ಇಟ್ಟುಕೊಂಡವಳು ಮಾತ್ರ ಇರುವುದಿಲ್ಲ! ಇದು ಗೊತ್ತಿಲ್ಲದೆ ‘ನಮ್ಮವಳ ಹೆಸರು ಯಾಕೆ ಬಂದಿಲ್ಲ’ ಎಂದು ತಲೆಕೆಡಿಸಿಕೊಳ್ಳುವವರು ಬಹಳ.

ಅಂಕದ ಆಯಸ್ಸು 52 ವಾರ. ಈ ವರ್ಷ ಗಳಿಸಿದ್ದು ಮುಂದಿನ ವರ್ಷ ಅದೇ ಹೊತ್ತಿಗೆ ಉದುರಿಹೋಗುತ್ತದೆ. ಸಿಂಗಲ್ಸ್‌ನಲ್ಲಿ ಚೆನ್ನಾಗಿ ಆಡಿದ 18 ಟೂರ್ನಿಗಳಷ್ಟೇ ಲೆಕ್ಕಕ್ಕೆ. ಈಗ ಒಂದು ಗುಣಾಕಾರ ಮಾಡಿ: 18 ಡಬ್ಲ್ಯು15 ಟೂರ್ನಿಗಳನ್ನೂ ಗೆದ್ದಳು ಅಂತಲೇ ಇಟ್ಟುಕೊಳ್ಳಿ, 18 ಗುಣಿಸು 15, ಒಟ್ಟು 270. ಯಾರೂ ಅಷ್ಟು ಗೆಲ್ಲುವುದಿಲ್ಲ, ಗೆದ್ದರೂ ವಿಂಬಲ್ಡನ್‌ನಂತಹ ಗ್ರ್ಯಾಂಡ್ ಸ್ಲಾಮ್‌ನ ಅರ್ಹತಾ ಸುತ್ತಿಗೆ (ಕ್ವಾಲಿಫೈಯಿಂಗ್‌ಗೆ) ಅದು ಸಾಲುವುದು ಕಷ್ಟ. ಅದೇ ಡಬ್ಲ್ಯು35ರ ಮುಖ್ಯ ಡ್ರಾದಲ್ಲಿ ಒಂದೇ ಒಂದು ಪಂದ್ಯ ಗೆದ್ದರೆ 4 ಅಂಕ. ಡಬ್ಲ್ಯು15ರಲ್ಲಿ ಎರಡು ಪಂದ್ಯ ಗೆದ್ದು ಕ್ವಾರ್ಟರ್‌ಗೆ ಹೋದರೂ ಸಿಗುವುದು 3.

ಇದರ ಅರ್ಥ ಸರಳ. ಡಬ್ಲ್ಯು15ನಲ್ಲಿ ಹೆಸರು ಮಾಡಿಕೊಂಡು ಅಲ್ಲೇ ಕೂತುಬಿಡಬೇಡಿ. ಗೆಲ್ಲುತ್ತಿದ್ದೀವಲ್ಲ ಎಂಬ ಖುಷಿಯಲ್ಲಿ ವರ್ಷಗಳು ಹೋಗುತ್ತವೆ, ಅಂಕ ಮಾತ್ರ ಹರಿಯುವ ನಲ್ಲಿಗೆ ತೂತು ಕೊಡ ಹಿಡಿದ ಹಾಗೆ, ಈ ಕಡೆ ಬಂದಷ್ಟೂ ಆ ಕಡೆ ಸೋರುತ್ತದೆ. ಡಬ್ಲ್ಯು15ರಲ್ಲಿ ಸತತವಾಗಿ ಸೆಮಿಫೈನಲ್ ಬರುತ್ತಿದ್ದರೆ ಮುಂದಿನ ಎಂಟ್ರಿಗಳಲ್ಲಿ ಅರ್ಧದಷ್ಟಾದರೂ ಡಬ್ಲ್ಯು35 ಇರಲಿ, ಕ್ವಾಲಿಫೈಯಿಂಗ್ ಆಡಬೇಕಾಗಿ ಬಂದರೂ ಸರಿ.

5. ದುಡ್ಡು

ಡಬ್ಲ್ಯು15 ಅಂದರೆ ಒಟ್ಟು ಬಹುಮಾನ 15,000 ಡಾಲರ್. ಕೇಳಲು ದೊಡ್ಡದು ಅಲ್ವಾ? ಅದನ್ನು ಸಿಂಗಲ್ಸ್, ಡಬಲ್ಸ್‌ನವರೆಲ್ಲ ಹಂಚಿಕೊಳ್ಳಬೇಕು. ಸಿಂಗಲ್ಸ್ ಗೆದ್ದವಳಿಗೆ 2,000 ಡಾಲರ್‌ಗಿಂತ ಸ್ವಲ್ಪ ಜಾಸ್ತಿ. ಮೊದಲ ಸುತ್ತಲ್ಲಿ ಸೋತವಳಿಗೆ 150 ಡಾಲರ್ ಆಸುಪಾಸು, ಅಂದರೆ ಹನ್ನೆರಡು ಹದಿಮೂರು ಸಾವಿರ ರೂಪಾಯಿ. ಅದರಲ್ಲೂ ಆ ದೇಶದ ತೆರಿಗೆ ಅಲ್ಲೇ ಮುರಿದುಕೊಳ್ಳುತ್ತಾರೆ. ವಾರದ ಕೋಣೆ ಬಾಡಿಗೆಗೂ ಸಾಲದು, ವಿಮಾನದ ಮಾತು ಬಿಡಿ.

ಐಟಿಎಫ್‌ನವರೇ 2013ರ ಲೆಕ್ಕ ತೆಗೆದಿದ್ದರು. ಆ ವರ್ಷ ಒಬ್ಬ ಆಟಗಾರ್ತಿಗೆ ಸರಾಸರಿ ಖರ್ಚು 40,180 ಡಾಲರ್. ಬಹುಮಾನದ ಹಣ ಖರ್ಚಿಗೆ ಸರಿಹೊಂದುತ್ತಿದ್ದುದು 253ನೇ ರ‍್ಯಾಂಕ್‌ನ ಹತ್ತಿರ. ಕೋಚ್ ಖರ್ಚು ಇದರಲ್ಲಿ ಸೇರಿಲ್ಲ! ಗಂಡಸರು, ಹೆಂಗಸರು ಸೇರಿ ವೃತ್ತಿಪರ ಟೂರ್ನಿ ಆಡಿದ ಸುಮಾರು 14,000 ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಒಂದು ಪೈಸೆ ಬಹುಮಾನವನ್ನೂ ಪಡೆದಿರಲಿಲ್ಲ. ಆಮೇಲೆ ಬಹುಮಾನ ಕೆಲವು ಕಡೆ ಏರಿದೆ. ವಿಮಾನ, ಹೋಟೆಲ್ ಸುಮ್ಮನೆ ಕೂತಿಲ್ಲ, ಅವೂ ಏರಿವೆ.

ಮೇಲೆ ಹೋದರೆ ಚಿತ್ರವೇ ಬೇರೆ. 2025ರ ಆಸ್ಟ್ರೇಲಿಯನ್ ಓಪನ್ ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲೇ ಸೋತವರಿಗೆ 35,000 ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತು. ಅರ್ಹತಾ ಸುತ್ತಿನ ಗಡಿ ಸಾಮಾನ್ಯವಾಗಿ 220, 230ರ ಹತ್ತಿರ ನಿಲ್ಲುತ್ತದೆ. ಆ ಗೆರೆಯ ಒಳಗಿದ್ದರೆ ವರ್ಷದ ಖರ್ಚು ಹುಟ್ಟುತ್ತದೆ, ಹೊರಗಿದ್ದರೆ ಮನೆಯ ದುಡ್ಡು ಕರಗುತ್ತದೆ. 300ನೇ ಸ್ಥಾನದವಳಿಗೂ 200ನೇ ಸ್ಥಾನದವಳಿಗೂ ಆಟದಲ್ಲಿ ಇರುವ ವ್ಯತ್ಯಾಸ ಸಣ್ಣದು, ಬ್ಯಾಂಕ್ ಖಾತೆಯಲ್ಲಿ ಇರುವುದು ದೊಡ್ಡದು.

ಹಾಗಾಗಿ ಬಹುಮಾನವನ್ನು ಆದಾಯ ಅಂತ ಎಣಿಸಲೇಬೇಡಿ. ಶುರುವಿನಲ್ಲೇ ಕೂತು ತೀರ್ಮಾನಿಸಿ: ಎಷ್ಟು ಸೀಸನ್‌ಗೆ ನಮ್ಮಿಂದ ದುಡ್ಡು ಹಾಕಲು ಆಗುತ್ತದೆ? ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ನೋಡಿ ಐದು ವರ್ಷದ ಲೆಕ್ಕ ಹಾಕಬೇಡಿ. ಮನೆ, ಜಾಗ ಅಡವಿಟ್ಟು ಡಬ್ಲ್ಯು15 ಆಡಿಸಬೇಡಿ. ಇದನ್ನು ನೇರವಾಗಿಯೇ ಹೇಳುತ್ತಿದ್ದೇನೆ, ಬೇಸರ ಬೇಡ.

ಇರುವ ದುಡ್ಡನ್ನು ಉಳಿಸುವ ದಾರಿಗಳು ಇವೆ. ದುಡ್ಡು ಜಾಸ್ತಿ ಸುಡುವುದು ತರಬೇತಿಗಿಂತ ಓಡಾಟದಲ್ಲಿ, ಅಲ್ಲೇ ಕೈ ಬಿಗಿ ಹಿಡಿಯಬೇಕು. ಟರ್ಕಿಯ ಅಂಟಾಲ್ಯ, ಟ್ಯುನೀಷಿಯಾದ ಮೊನಾಸ್ತೀರ್, ಈಜಿಪ್ಟಿನ ಶರ್ಮ್ ಎಲ್ ಶೇಖ್, ಈ ಮೂರು ಊರುಗಳಲ್ಲಿ ವಾರದ ಮೇಲೆ ವಾರ ಡಬ್ಲ್ಯು15 ನಡೆಯುತ್ತಿರುತ್ತದೆ. ಒಂದೇ ಟಿಕೆಟ್‌ನಲ್ಲಿ ಹೋಗಿ ಮೂರು ನಾಲ್ಕು ವಾರ ಅಲ್ಲೇ ಆಡಬಹುದು. ಒಂದೊಂದು ವಾರ ಒಂದೊಂದು ದೇಶಕ್ಕೆ ಹಾರುವುದಕ್ಕಿಂತ ಇದು ಎಷ್ಟೋ ಅಗ್ಗ. ಆದರೆ ಅಲ್ಲಿ ಅಧಿಕೃತ ಹೋಟೆಲ್‌ನ ಷರತ್ತು ಏನು, ಊಟ ಸೇರಿದೆಯೇ, ಅಭ್ಯಾಸದ ಕೋರ್ಟ್‌ಗೆ ಬೇರೆ ದುಡ್ಡೇ, ಇವನ್ನೆಲ್ಲ ಟೂರ್ನಿಯ ಮಾಹಿತಿ ಹಾಳೆಯಲ್ಲಿ ಓದಿಯೇ ಎಂಟ್ರಿ ಹಾಕಿ. ಮಂಗಳವಾರ ಸೋತವಳಿಗೆ ಮುಂದಿನ ಟೂರ್ನಿಯವರೆಗೆ ಪಂದ್ಯವಿಲ್ಲ, ಬಾಡಿಗೆ ಮಾತ್ರ ಓಡುತ್ತಿರುತ್ತದೆ. ಆ ದಿನಗಳಲ್ಲಿ ಯಾರ ಜೊತೆ ಅಭ್ಯಾಸ ಅನ್ನುವುದನ್ನೂ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಅದಕ್ಕಿಂತ ಮೊದಲು ಊರ ಹತ್ತಿರದ್ದನ್ನು ನೋಡಿ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಟೆನಿಸ್ ಸಂಸ್ಥೆಯ ಕೋರ್ಟ್‌ಗಳಲ್ಲಿ, ಸೊಲ್ಲಾಪುರದಲ್ಲಿ ಮಹಿಳಾ ಐಟಿಎಫ್ ಟೂರ್ನಿಗಳು ನಡೆದಿವೆ. ಮಂಗಳೂರು ದಾರಿಯಾಗಿ ಬೆಂಗಳೂರಿಗೆ ಹೋಗುವ ಕಣ್ಣೂರು ರೈಲು ಕಾಸರಗೋಡಿನಲ್ಲೇ ಸಿಗುತ್ತದೆ. ಭಾರತದ ಟೂರ್ನಿಗಳಿಗೆ ಎಂಟ್ರಿ ಬಿಟ್ಟು ವಿದೇಶದ ಫೋಟೋ ಹಾಕಲು ಹೋಗುವವರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ.

ಡಬಲ್ಸ್ ಬಿಡಬೇಡಿ. ಅದೇ ವಾರ, ಅದೇ ಹೋಟೆಲ್, ಓಡಾಟದ ಖರ್ಚು ಹೊಸದಾಗಿ ಇಲ್ಲ. ಪ್ರಾರ್ಥನಾ ಥೋಂಬರೆ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯವರು. ದೊಡ್ಡ ಊರಲ್ಲ ಅದು. 2014ರ ಏಷ್ಯನ್ ಗೇಮ್ಸ್‌ನಲ್ಲಿ ಸಾನಿಯಾ ಜೊತೆ ಡಬಲ್ಸ್ ಕಂಚು ಗೆದ್ದರು, 2016ರಲ್ಲಿ ರಿಯೋ ಒಲಿಂಪಿಕ್ಸ್‌ಗೂ ಅವರ ಜೊತೆಯೇ ಹೋದರು. ಸಿಂಗಲ್ಸ್ ರ‍್ಯಾಂಕಿಂಗ್ ನಂಬಿಕೊಂಡು ಕೂತಿದ್ದರೆ ಆ ದಾರಿ ತೆರೆಯುತ್ತಿರಲಿಲ್ಲ.

ಇನ್ನು ಯುರೋಪಿನ ಕ್ಲಬ್ ಲೀಗ್. ಜರ್ಮನಿ, ಫ್ರಾನ್ಸ್‌ನ ಕ್ಲಬ್‌ಗಳು ತಮ್ಮ ತಂಡಕ್ಕೆ ಹೊರಗಿನ ಆಟಗಾರ್ತಿಯರನ್ನು ಪಂದ್ಯಕ್ಕೆ ಇಷ್ಟು ಎಂದು ಕೊಟ್ಟು ಕರೆಸಿಕೊಳ್ಳುತ್ತವೆ. ಕೆಳಗಿನ ರ‍್ಯಾಂಕಿನ ಎಷ್ಟೋ ಜನರ ಸೀಸನ್ ನಡೆಯುವುದೇ ಈ ದುಡ್ಡಿನಿಂದ. ಮೊದಲು ರ‍್ಯಾಂಕ್ ಬರಲಿ, ಆಮೇಲೆ ಈಗಾಗಲೇ ಆಡುತ್ತಿರುವ ಹುಡುಗಿಯರನ್ನು ವಿಚಾರಿಸಿ.

ಒಂದು ನೋಟ್‌ಬುಕ್ ಇಡಿ. ಪ್ರತಿ ವಾರಕ್ಕೆ ಒಂದು ಸಾಲು: ಊರು, ಟೂರ್ನಿಯ ದರ್ಜೆ, ಹೋಗಿಬರುವ ಖರ್ಚು, ಕೋಣೆ, ಊಟ, ರ‍್ಯಾಕೆಟ್‌ಗೆ ಸ್ಟ್ರಿಂಗ್ ಹಾಕಿಸಿದ್ದು, ಬಂದ ಬಹುಮಾನ, ಮುರಿದ ತೆರಿಗೆ, ಬಂದ ಅಂಕ. ಬಲಗಡೆ ಕೊನೆಯಲ್ಲಿ ಒಂದು ಅಂಕಕ್ಕೆ ಎಷ್ಟು ರೂಪಾಯಿ ಬಿತ್ತು ಎಂದು ಬರೆಯಿರಿ. ವರ್ಷದ ಕೊನೆಗೆ ಆ ಕಾಲಮ್ ನೋಡಿದರೆ ಮುಂದಿನ ವರ್ಷ ಎಲ್ಲಿಗೆ ಹೋಗಬಾರದು ಅನ್ನುವುದು ತಾನೇ ಗೊತ್ತಾಗುತ್ತದೆ. ತೆರಿಗೆ ಮುರಿದ ರಸೀದಿಯನ್ನು ಅದೇ ಪುಟಕ್ಕೆ ಪಿನ್ ಮಾಡಿ, ಇಲ್ಲಿ ರಿಟರ್ನ್ಸ್ ಸಲ್ಲಿಸುವಾಗ ಸಿಎ ಕೇಳುತ್ತಾರೆ.

6. ಮಳೆಗಾಲ ಏನು ಮಾಡುವುದು

ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೊರಗಿನ ಕೋರ್ಟ್ ಪಾಚಿ ಹಿಡಿದು ಜಾರುತ್ತದೆ. ಒದ್ದೆ ಕೋರ್ಟಿನಲ್ಲಿ ‘ಸ್ವಲ್ಪ ಹೊತ್ತು’ ಆಡಿ ಕಾಲು ಉಳುಕಿಸಿಕೊಂಡರೆ ಸೀಸನ್ನೇ ಹೋಯಿತು.

ಎಲ್ಲರೂ ಬೆಂಗಳೂರು ಅನ್ನುತ್ತಾರೆ. ನಾನು ಕೊಯಮತ್ತೂರನ್ನೂ ನೋಡಿ ಅನ್ನುತ್ತೇನೆ. ಮಳೆನೆರಳಿನ ಊರು, ನಮ್ಮಲ್ಲಿ ಸುರಿಯುವಾಗ ಅಲ್ಲಿ ಆಡಬಹುದು. ಮಂಗಳೂರಿನಿಂದ ಹೊರಡುವ ಕೊಯಮತ್ತೂರು ಇಂಟರ್‌ಸಿಟಿ ಕಾಸರಗೋಡಿನಲ್ಲಿ ನಿಲ್ಲುತ್ತದೆ. ಟೆನಿಸ್ ಸಂಸ್ಕೃತಿಯೂ ಇದೆ, 1998ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಗೆದ್ದು, ಓಪನ್ ಯುಗದಲ್ಲಿ (1968ರಿಂದ ಈಚೆಗೆ) ಗ್ರ್ಯಾಂಡ್ ಸ್ಲಾಮ್ ಮುಖ್ಯ ಡ್ರಾದ ಸಿಂಗಲ್ಸ್ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದ ನಿರುಪಮಾ ವೈದ್ಯನಾಥನ್ ಆ ಊರಿನವರೇ. ಹೋಗಲು ಆಗದಿದ್ದರೆ ಮಳೆಯ ನಾಲ್ಕು ತಿಂಗಳನ್ನು ಜಿಮ್, ಓಟ, ಹಳೆ ನೋವು ಗುಣಮಾಡಿಕೊಳ್ಳುವುದಕ್ಕೆ ಇಡಿ. ನಮ್ಮ ಕರಾವಳಿಯ ಬೆವರಿಗೆ ಒಗ್ಗಿದವರಿಗೆ ಥಾಯ್ಲೆಂಡ್‌ನಂತಹ ಕಡೆ ಒಂದು ಅನುಕೂಲವೂ ಇದೆ, ಎದುರಾಳಿ ಎರಡನೇ ಸೆಟ್‌ಗೆ ಬತ್ತಿ ಹೋಗಿರುತ್ತಾಳೆ.

7. ಔಷಧ ಮತ್ತು ಮೊಬೈಲ್

ಎರಡೂ ಸಣ್ಣ ವಿಷಯ ಅನ್ನಿಸುತ್ತದೆ, ಎರಡರಲ್ಲೂ ವೃತ್ತಿಯೇ ಮುಗಿಯಬಹುದು.

ಡೋಪಿಂಗ್ ಪರೀಕ್ಷೆ ಕೆಳಗಿನ ಟೂರ್ನಿಗಳಲ್ಲೂ ಆಗುತ್ತದೆ. ಗೊತ್ತಿರಲಿಲ್ಲ ಎಂಬ ಉತ್ತರ ನಡೆಯುವುದಿಲ್ಲ. ನೆಗಡಿಯ ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಸ್ಪರ್ಧೆಯ ಹೊತ್ತಿನಲ್ಲಿ ಒಂದು ಮಿತಿ ದಾಟಿದರೆ ನಿಷಿದ್ಧ. ನಾಟಿ ಔಷಧದಲ್ಲಿ ಏನೂ ಇರುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ. ಉಬ್ಬಸಕ್ಕೆ ಕೊಡುವ ಸೋಮಲತೆಯಲ್ಲಿ ಎಫೆಡ್ರಿನ್ ಇರುತ್ತದೆ. ಅಜ್ಜಿ ಪ್ರೀತಿಯಿಂದ ಕಳಿಸಿದ ಲೇಹವೇ ಆದರೂ ಒಳಗೆ ಏನೇನಿದೆ ಎಂದು ಬರೆದಿಲ್ಲದಿದ್ದರೆ ಬೇಡ. ಕಾಯಿಲೆಗೆ ಬೇಕೇ ಬೇಕು ಎಂದಾದರೆ ವೈದ್ಯರ ದಾಖಲೆ ಇಟ್ಟು ಮೊದಲೇ ಅನುಮತಿ ಕೇಳುವ ಕ್ರಮವಿದೆ, ಟಿಯುಇ ಅನ್ನುತ್ತಾರೆ.

ಮೊಬೈಲ್‌ನ ಕಥೆ ಬೇರೆ. ಯಾರೂ ನೋಡದ ಪಂದ್ಯದ ಮೇಲೂ ಎಲ್ಲೋ ಕೂತು ಬಾಜಿ ಕಟ್ಟುವವರಿದ್ದಾರೆ. ಸೋತರೆ ಬೈಗುಳ, ಕೊಲ್ಲುತ್ತೇವೆ ಎಂಬ ಮೆಸೇಜು. 2024ರಲ್ಲಿ ಡಬ್ಲ್ಯುಟಿಎ ಮತ್ತು ಐಟಿಎಫ್ ಲೆಕ್ಕ ಹಾಕಿದಾಗ 458 ಜನ ಆಟಗಾರರಿಗೆ ಸುಮಾರು 8,000 ಇಂಥ ಸಂದೇಶ ಬಂದಿದ್ದವು, ಅವುಗಳಲ್ಲಿ 40 ಶೇಕಡಾ ಬಾಜಿಯಲ್ಲಿ ಕಳೆದುಕೊಂಡವರದ್ದು. ಟೂರ್ನಿ ವಾರ ಇನ್‌ಸ್ಟಾಗ್ರಾಮ್ ಮೆಸೇಜ್ ಮುಚ್ಚಿ, ಅಥವಾ ಅಮ್ಮನ ಕೈಗೆ ಕೊಡಿ.

ಇದಕ್ಕಿಂತ ಅಪಾಯ ಸಿಹಿ ಮಾತಿನವರು. ‘ಒಂದು ಸೆಟ್ ಬಿಟ್ಟುಕೊಡಿ ಸಾಕು, ಮ್ಯಾಚ್ ನೀವೇ ಗೆಲ್ಲಿ.’ 150 ಡಾಲರ್ ಸಿಗುವ ಕಡೆ ಸಾವಿರಾರು ಡಾಲರ್ ಆಸೆ. ಹೂಂ ಅಂದರೆ ಆಜೀವ ನಿಷೇಧದವರೆಗೂ ಹೋಗುತ್ತದೆ. ಇಲ್ಲ ಅಂದು ಸುಮ್ಮನಿದ್ದರೂ ತಪ್ಪೇ, ತಡಮಾಡದೆ ಅಂತಾರಾಷ್ಟ್ರೀಯ ಟೆನಿಸ್ ಇಂಟೆಗ್ರಿಟಿ ಏಜೆನ್ಸಿಗೆ ತಿಳಿಸಬೇಕು. ಪಂದ್ಯ ಯಾವಾಗ, ಕಾಲು ನೋವು ಹೇಗಿದೆ ಎಂದು ಫ್ಯಾಮಿಲಿ ಗ್ರೂಪಿನಲ್ಲಿ ಹಾಕುವುದೂ ಬೇಡ. ಅಲ್ಲಿಂದ ಎಲ್ಲಿಗೆ ಹೋಗುತ್ತದೋ.

8. ಓದು, ಮತ್ತು ಎಲ್ಲಿಯವರೆಗೆ

ಪ್ಲಸ್ ಟು ಬಿಡಿಸಬೇಡಿ. ಅಮೆರಿಕದ ಕಾಲೇಜು ಟೆನಿಸ್ ಒಳ್ಳೆಯ ದಾರಿ. ಸ್ಕಾಲರ್‌ಶಿಪ್‌ನಲ್ಲಿ ಓದು, ಕೋಚ್, ಪಂದ್ಯ ಎಲ್ಲ ಸಿಗುತ್ತದೆ. ಋತುಜಾ ಭೋಸಲೆ ಟೆಕ್ಸಸ್ ಎ ಆಂಡ್ ಎಂ ವಿಶ್ವವಿದ್ಯಾಲಯದಲ್ಲಿ ಆಡಿ ಬಂದವರು. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ರೋಹನ್ ಬೋಪಣ್ಣ ಜೊತೆ ಮಿಶ್ರ ಡಬಲ್ಸ್ ಚಿನ್ನ ಗೆದ್ದರು. ಆ ಕಡೆ ಯೋಚನೆ ಇದ್ದರೆ ಬಹುಮಾನದ ಹಣ ತೆಗೆದುಕೊಳ್ಳುವ ಮೊದಲೇ ಅಲ್ಲಿನ ಹವ್ಯಾಸಿ ಆಟಗಾರರ ನಿಯಮ ಓದಿ.

ಎಷ್ಟು ವರ್ಷ ಕಾಯುವುದು? ಭಾರತದ ಆಟಗಾರ್ತಿ ಅಂಕಿತಾ ರೈನಾ ಸಿಂಗಲ್ಸ್‌ನಲ್ಲಿ ವಿಶ್ವದ ಮೊದಲ 200ರೊಳಗೆ ಮೊದಲ ಸಲ ಬಂದಿದ್ದು 2018ರಲ್ಲಿ, 25ನೇ ವಯಸ್ಸಿಗೆ. ಅವರ ಅತ್ಯುತ್ತಮ 160, ಅದು 2020ರಲ್ಲಿ. ಹಾಗಾಗಿ 20ಕ್ಕೇ ಕೈಚೆಲ್ಲಬೇಡಿ. ಆದರೆ ಗುರಿ ಇಲ್ಲದೆ ಎಳೆಯಲೂ ಬೇಡಿ. ಎರಡು ಪೂರ್ತಿ ಸೀಸನ್ ಗಾಯವಿಲ್ಲದೆ ಆಡಿದ ಮೇಲೂ ಡಬ್ಲ್ಯು35ರ ಮುಖ್ಯ ಡ್ರಾಗೆ ನೇರ ಪ್ರವೇಶ ಸಿಗುತ್ತಿಲ್ಲ ಎಂದಾದರೆ ಕೂತು ಮಾತಾಡುವ ಹೊತ್ತು ಬಂದಿದೆ. ಮಾತು ಸೋತ ರಾತ್ರಿ ಬೇಡ, ಡಿಸೆಂಬರ್‌ನಲ್ಲಿ ನೋಟ್‌ಬುಕ್ ಮುಂದಿಟ್ಟುಕೊಂಡು. ಮಗಳೇ ಮೊದಲು ಮಾತಾಡಲಿ.

ನಿಲ್ಲಿಸಿದರೆ ಬೀದಿಗೆ ಬೀಳುವುದಿಲ್ಲ. ರೈಲ್ವೆ, ಆದಾಯ ತೆರಿಗೆಯಂತಹ ಇಲಾಖೆಗಳಲ್ಲಿ ಕ್ರೀಡಾ ಕೋಟಾ ಇದೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಡಿಪ್ಲೊಮಾವನ್ನು ಎನ್‌ಐಎಸ್ ಅನ್ನುತ್ತಾರೆ, ಸರ್ಕಾರಿ ಕೋಚ್ ಹುದ್ದೆಗೆ ಅದನ್ನು ಕೇಳುವುದು ಜಾಸ್ತಿ. ಐಟಿಎಫ್‌ನ ಕೋಚ್ ಕೋರ್ಸ್‌ಗಳೂ ಇವೆ. ಕೋಟಾ ಅರ್ಜಿಗೆ ಬೇಕಾಗುವುದು ಕಪ್ಪು ಹಿಡಿದ ಫೋಟೋ ಅಲ್ಲ, ನಿಗದಿತ ನಮೂನೆಯಲ್ಲಿ ಸಂಸ್ಥೆ ಸಹಿ ಹಾಕಿದ ಪ್ರಮಾಣಪತ್ರ. ರಾಜ್ಯಕ್ಕೋ ದೇಶಕ್ಕೋ ಆಡಿದ ಪ್ರತಿ ಕೂಟದ ಪ್ರಮಾಣಪತ್ರವನ್ನು ಆ ವರ್ಷವೇ ಕೇಳಿ ತೆಗೆದಿಟ್ಟುಕೊಳ್ಳಿ. ನಾಲ್ಕು ವರ್ಷ ಬಿಟ್ಟು ಹೋದರೆ ಪದಾಧಿಕಾರಿಗಳು ಬದಲಾಗಿರುತ್ತಾರೆ, ಸಹಿ ಹಾಕಬೇಕಾದವರು ಯಾರು ಎಂದೇ ಗೊತ್ತಿರುವುದಿಲ್ಲ.